ಕರೂರಿನಲ್ಲಿ ನಾನು ಎಳೆದ ದಾರಿ

ಮೂವತ್ತೊಂದು ವರ್ಷ ನಾನು ಸರ್ವೆ ಆಫೀಸಿನಲ್ಲಿ ನಕ್ಷೆ ಬರೆದವನು. ಅಳತೆ ಮಾಡುವವರು ಬೇರೆ. ಅವರು ಬಿಸಿಲಿನಲ್ಲಿ ಸರಪಳಿ ಎಳೆದು, ನಾಯಿಗಳನ್ನು ಬೆದರಿಸಿ, ಬದುವಿನ ಜಗಳಗಳನ್ನು ಕೇಳಿಸಿಕೊಂಡು ಅಂಕಿ ಬರೆದು ತರುತ್ತಿದ್ದರು. ನಾನು ಫ್ಯಾನಿನ ಕೆಳಗೆ ಕೂತು ಆ ಅಂಕಿಗಳನ್ನು ಗೆರೆ ಮಾಡುತ್ತಿದ್ದೆ. ಬಳ್ಳಾರಿ ಸುತ್ತಿನ ಎಷ್ಟೋ ಊರುಗಳ ಬೀದಿ, ಹಳ್ಳ, ಕೆರೆ ನನ್ನ ಕೈಯಿಂದ ಹೊರಬಿದ್ದಿವೆ. ಅವುಗಳಲ್ಲಿ ಮುಕ್ಕಾಲು ಪಾಲು ಊರುಗಳ ಮಣ್ಣನ್ನು ನಾನು ತುಳಿದೇ ಇಲ್ಲ. ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆ. "ಊರಿಗೆ ಹೋಗದನ ಊರು ಬರಿತೀನಿ" ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರ ಮುಂದೆ ಜಂಬ ಕೊಚ್ಚಿದ್ದೂ ಉಂಟು.

ನಿವೃತ್ತಿಯಾಗಿ ಬಳ್ಳಾರಿ ಕಂಟೋನ್ಮೆಂಟಿನ ಮನೆಯಲ್ಲಿ ಕೂತ ಮೇಲೆ ಮಾಡಲು ಕೆಲಸವಿಲ್ಲ, ತಪ್ಪು ಹಿಡಿಯಲು ಕೈಕೆಳಗೆ ಯಾರೂ ಇಲ್ಲ. ಹೆಂಡತಿಯ ಸಾರಿನಲ್ಲಿ ಹುಳಿ ಹೆಚ್ಚಾಗಿದೆ, ಗೋಡೆಗೆ ಹಾಕಿದ ಕ್ಯಾಲೆಂಡರ್ ಎಡಕ್ಕೆ ವಾಲಿದೆ, ಒಣಹಾಕಿದ ಬಟ್ಟೆಗಳ ಸಾಲು ನೇರವಾಗಿಲ್ಲ ಎಂದು ಹುಡುಕಿ ಹುಡುಕಿ ಹೇಳತೊಡಗಿದೆ. ನಾಲ್ಕು ತಿಂಗಳು ತಡೆದುಕೊಂಡ ಅವಳು ಒಂದು ದಿನ ಮಗಳಿಗೆ ಫೋನ್ ಮಾಡಿ, "ನಿಮ್ಮಪ್ಪಗ ಏನರ ಆಟದ ಸಾಮಾನು ಕೊಡವ್ವಾ, ಕುಂತಲ್ಲೇ ನನ್ನ ತಲಿ ತಿನ್ನಾಕ ಹತ್ಯಾರ" ಎಂದಳು. ನಾನು ಪಕ್ಕದಲ್ಲೇ ಕೂತಿದ್ದೆ. ನನಗೆ ಕೇಳಲಿ ಎಂದೇ ಹೇಳಿದ್ದು.

ಮಗಳು ಇರುವುದು ಸಿರುಗುಪ್ಪ ತಾಲ್ಲೂಕಿನ ಕರೂರಿನಲ್ಲಿ. ಅಳಿಯ ಸಿರುಗುಪ್ಪದ ಒಂದು ರೈಸ್ ಮಿಲ್ಲಿಗೆ ಕೆಲಸಕ್ಕೆ ಹೋಗುತ್ತಾನೆ. ಮನೆಯ ಗದ್ದೆ ನೋಡಿಕೊಳ್ಳುವವರು ಅವನ ತಾಯಿ, ಅಂದರೆ ನನ್ನ ಬೀಗಿತ್ತಿ. ಯುಗಾದಿಗೆ ಬಳ್ಳಾರಿಗೆ ಬಂದ ಮಗಳು ನನ್ನ ಫೋನು ಕಸಿದುಕೊಂಡು ಅದರಲ್ಲಿ ಒಂದು ಆಟ ಹಾಕಿಕೊಟ್ಟಳು. ಆಗ ಅವಳು ಎರಡನೇ ಸಲ ಬಸುರಿ, ಐದನೇ ತಿಂಗಳು. ತಪಾಸಣೆಗೆ ಬರುವ ನರ್ಸಮ್ಮ ಊರಿನ ಹೆಂಗಸರಿಗೆಲ್ಲ ಆ ಆಟ ತೋರಿಸಿದ್ದರಂತೆ.

ಆಟ ಇಷ್ಟೇ. ಆಕಾಶದಿಂದ ತೆಗೆದ ಫೋಟೋವನ್ನು ಚೌಕ ಚೌಕವಾಗಿ ತೋರಿಸುತ್ತಾರೆ. ದಾರಿ ಕಂಡಲ್ಲಿ ಬೆರಳಿನಿಂದ ಗೆರೆ ಎಳೆಯಬೇಕು, ಮನೆ ಕಂಡಲ್ಲಿ ಚುಕ್ಕೆ ಇಡಬೇಕು. ನೀವು ಎಳೆದ ಗೆರೆ ಎಲ್ಲೋ ಕೂತ ಇನ್ನೊಬ್ಬ ಆಟಗಾರರ ಫೋನಿಗೆ ಹೋಗುತ್ತದೆ. ಅವರು ಹಸಿರು ಗುಂಡಿ ಒತ್ತಿದರೆ ಹೌದು, ಕೆಂಪು ಒತ್ತಿದರೆ ಇಲ್ಲ. ಹೌದು ಎಂದರೆ ಇಬ್ಬರಿಗೂ ಅಂಕ. ಹಾಗೆ ಮೂರು ಜನ ಹೌದು ಎಂದರೆ ಗೆರೆ ಖಾಯಂ ಆಗಿ ನಿಜವಾದ ನಕ್ಷೆಗೆ ಹೋಗಿ ಸೇರುತ್ತದೆ. ಆಂಬ್ಯುಲೆನ್ಸಿನವರು, ಆಸ್ಪತ್ರೆ ಗಾಡಿಯವರು ಆ ನಕ್ಷೆ ನೋಡಿಕೊಂಡೇ ಹಳ್ಳಿಗಳಿಗೆ ಬರುತ್ತಾರೆ.

"ಇಷ್ಟು ದೊಡ್ಡ ಕಂಪ್ಯೂಟರ್ ಅದಾವಲ್ಲ, ಅವಕ್ಕ ಒಂದು ಗೆರಿ ಎಳ್ಯಾಕ ಬರಂಗಿಲ್ಲೇನು?" ಎಂದು ಕೇಳಿದೆ.

"ಅವಕ್ಕ ಕಣ್ಣದಾವ ಅಪ್ಪ, ಗುರ್ತಿಲ್ಲ" ಎಂದಳು ಮಗಳು. "ಅದಕ ಮಂದೀ ಕಣ್ಣು ಬೇಕು. ಕೆಲಸ ಮಾಡಾಕ ಬರ್ರಿ ಅಂದ್ರ ಯಾರು ಬರ್ತಾರ? ಆಟ ಅಂದ್ರ ನಿನ್ನಂಥಾರೂ ಬರ್ತಾರ."

ನನ್ನಂಥವರು ಎಂದರೇನು ಎಂದು ಕೇಳುವಷ್ಟರಲ್ಲಿ ಅವಳು ನನ್ನ ಹೆಸರಿನ ಜಾಗದಲ್ಲಿ ಆನೆಯ ಚಿತ್ರ ಇಟ್ಟು ಫೋನು ಕೈಗೆ ಕೊಟ್ಟಿದ್ದಳು. ಆ ಆಟದಲ್ಲಿ ಯಾರಿಗೂ ಹೆಸರಿಲ್ಲ, ಎಲ್ಲರೂ ಒಂದೊಂದು ಪ್ರಾಣಿ.

ನಾನು ಹುಟ್ಟಿ ಬೆಳೆದದ್ದು ಕುರುಗೋಡು. ಮೊದಲು ಆ ಊರಿನ ಚೌಕವನ್ನೇ ತೆರೆದೆ. ಕಂಪ್ಯೂಟರು ತಾನೇ ಒಂದು ಸಲ ಗುರುತು ಹಾಕಿ ಇಟ್ಟಿತ್ತು. ನೋಡುತ್ತೇನೆ, ಕುರುಗೋಡಿನ ಗುಡ್ಡದ ಮೇಲಿನ ಬಂಡೆಗಳಿಗೆಲ್ಲ ಒಂದೊಂದು ಮನೆಯ ಚುಕ್ಕೆ! ಕೆಳಗೆ ಮೆಣಸಿನಕಾಯಿ ಒಣಹಾಕಿದ ಕಣವನ್ನು ಹೆಂಚಿನ ಮನೆ ಎಂದುಕೊಂಡಿತ್ತು. ನಾನು ನಕ್ಕ ಸದ್ದಿಗೆ ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು. ನಾನು ಹಾಗೆ ನಕ್ಕು ಬಹಳ ದಿನವಾಗಿತ್ತು. ಅವಳೂ ಕನ್ನಡಕ ಹಾಕಿಕೊಂಡು ನೋಡಿ, "ಗುಡ್ಡದ ಮ್ಯಾಲ ಅಷ್ಟು ಮನಿ ಇದ್ದಿದ್ರ ನಿಮ್ಮಪ್ಪಾರು ಜೀವಮಾನೆಲ್ಲಾ ಬಾಡಿಗಿ ಮನ್ಯಾಗ ಯಾಕಿರ್ತಿದ್ರು" ಎಂದಳು.

ಬಂಡೆಗಳನ್ನೆಲ್ಲ ಅಳಿಸಿದೆ. ಗುಡ್ಡದ ಮಗ್ಗುಲಿನ ಕಲ್ಲು ನೆಲದಲ್ಲಿ ನಾವು ಶಾಲೆಗೆ ಹೋಗುತ್ತಿದ್ದ ಕಾಲುದಾರಿ ಬೆಳ್ಳಗೆ ಕಾಣುತ್ತಿತ್ತು. ಅದರ ಮೇಲೆ ಬೆರಳೆಳೆದಾಗ ನಿಜವಾಗಿಯೂ ಖುಷಿಯಾಯಿತು. ಆ ನೆಲ ಹಾಗೆಯೇ. ಒಮ್ಮೆ ದಾರಿ ಬಿದ್ದರೆ ನಾಲ್ಕು ತಲೆಮಾರು ಅದೇ ದಾರಿ. ಹೀಗಾಗಿ ಫೋಟೋದಲ್ಲಿ ಬಿಳಿ ಗೆರೆ ಕಂಡರೆ ಅದು ದಾರಿಯೇ ಎಂದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಹದಿನೈದು ದಿನದಲ್ಲಿ ಆಟ ನನ್ನನ್ನು ಹಿಡಿದುಕೊಂಡಿತು. ಬೆಳಗಿನ ಚಹಾ ಆರಿ ತಣ್ಣಗಾಗುತ್ತಿತ್ತು. ಹೆಂಡತಿಗೆ ನೆಮ್ಮದಿಯೋ ನೆಮ್ಮದಿ. ಸಾರಿನ ಬಗ್ಗೆ ಈಗ ಯಾರೂ ಮಾತಾಡುವುದಿಲ್ಲ. ಕುರುಗೋಡು ಮುಗಿಸಿ ನಾನು ಕರೂರಿಗೆ ಹೋದೆ, ಮಗಳ ಊರಲ್ಲವೇ ಎಂದು. ಅಲ್ಲಿ ನನಗೆ ಹಲ್ಲಿ ಎದುರಾಯಿತು.

ಕರೂರಿನ ಚೌಕಗಳಲ್ಲಿ ಆಡುವವರೇ ಕಡಿಮೆ. ಹಾಗಾಗಿ ನಾನು ಎಳೆದದ್ದೆಲ್ಲ ಹೋಗಿ ಬೀಳುತ್ತಿದ್ದದ್ದು ಹಲ್ಲಿಯ ಚಿತ್ರ ಇಟ್ಟುಕೊಂಡ ಒಬ್ಬ ಆಟಗಾರರ ಫೋನಿಗೆ. ಡಾಂಬರು ರಸ್ತೆಯಿಂದ ಒಡೆದು ನೆಟ್ಟಗೆ ಮಗಳ ಮನೆ ಇರುವ ಓಣಿಯವರೆಗೆ ಒಂದು ಬಿಳಿ ಗೆರೆ ಕಾಣುತ್ತಿತ್ತು. ಎಷ್ಟು ಚೆಂದದ ಗೆರೆಯೆಂದರೆ, ಸ್ಕೇಲ್ ಇಟ್ಟು ಎಳೆದರೂ ಅಷ್ಟು ನೇರ ಬರಲಿಕ್ಕಿಲ್ಲ. ಎಳೆದು ಕಳಿಸಿದೆ. ಎಲ್ಲಿಯವರೆಂದೂ ಗೊತ್ತಿಲ್ಲದ ಇಬ್ಬರು, ಒಂದು ಮೊಲ ಮತ್ತು ಒಂದು ಒಂಟೆ, ಹೌದು ಎಂದವು. ಹಲ್ಲಿ ಇಲ್ಲ ಎಂದಿತು. ಮತ್ತೆ ಎಳೆದೆ. ಮತ್ತೆ ಇಲ್ಲ. ಮೂರನೇ ಸಲ ಫೋಟೋವನ್ನು ದೊಡ್ಡದು ಮಾಡಿ, ಟ್ರ್ಯಾಕ್ಟರ್ ಗಾಲಿಯ ಗುರುತೂ ಕಾಣುತ್ತದೆ ಎಂದು ಖಾತ್ರಿ ಮಾಡಿಕೊಂಡು ಎಳೆದೆ. ಇಲ್ಲ. ನಾಲ್ಕನೇ ಸಲವೂ ಇಲ್ಲ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅಂದು ಮೂಗು ದಾಟಿ ಹೋಯಿತು. "ಮೂವತ್ತೊಂದು ವರ್ಷ ನಕ್ಷೆ ಬರದೀನಿ, ಈ ಹಲ್ಲಿ ನನಗ ದಾರಿ ಕಲಿಸ್ತೈತಿ" ಎಂದು ಕೂಗಾಡಿದೆ.

"ಗ್ವಾಡಿ ಮ್ಯಾಲಿಂದು ಬೈರಿ, ಅದರ ಕೇಳಿಸ್ಕೊಂತೈತಿ" ಎಂದಳು ಹೆಂಡತಿ.

ಮೇ ಕೊನೆಗೆ ನಾವಿಬ್ಬರೂ ಮಗಳನ್ನು ನೋಡಿ ಬರಲು ಹೊರಟೆವು. ಅವಳಿಗೆ ಏಳು ತಿಂಗಳು ತುಂಬಿತ್ತು. ಹೆಂಡತಿ ಶೇಂಗಾ ಹೋಳಿಗೆ, ಮೊಮ್ಮಗನಿಗೆಂದು ರವೆ ಉಂಡೆ ಕಟ್ಟಿಕೊಂಡಳು. ಸಿರುಗುಪ್ಪದಲ್ಲಿ ಬಸ್ಸಿಳಿದು ಆಟೋ ಹಿಡಿದೆವು. ಕರೂರಿನ ಹತ್ತಿರ ಆಟೋದವನು ಇದ್ದಕ್ಕಿದ್ದಂತೆ ಡಾಂಬರು ಬಿಟ್ಟು ಎಡಕ್ಕೆ ತಿರುಗಿಸಿ, ಕೊಯ್ಲಾದ ಗದ್ದೆಗಳ ನಡುವೆ ನೇರ ಹೊಡೆದ. ನೋಡಿದರೆ ಅದೇ ಗೆರೆ. ಮಣ್ಣು ಗಟ್ಟಿಯಾಗಿ, ಬೆಳ್ಳಗೆ, ಹುಲ್ಲಿನ ಟ್ರ್ಯಾಕ್ಟರುಗಳು ಓಡಾಡಿ ನುಣುಪಾಗಿತ್ತು.

"ಇದು ದಾರಿ ಏನಪಾ?" ಎಂದು ಬೇಕೆಂದೇ ಕೇಳಿದೆ.

"ದಾರಿ ಅಲ್ದ ಏನ್ ಸಾರ್, ಹೊಂಟೀವಲ್ಲ!" ಎಂದ ಅವನು.

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಉಂಡೆಯ ಡಬ್ಬಿ ಗಟ್ಟಿಯಾಗಿ ಹಿಡಿದುಕೊಂಡು ಕುಲುಕಾಟದಲ್ಲಿ ಮುಳುಗಿದ್ದಳು. ಹಲ್ಲಿಗೆ ಈ ಆಟೋದಲ್ಲಿ ಜಾಗ ಕೊಟ್ಟು ತೋರಿಸಬೇಕಿತ್ತು ಎಂದು ನನಗನಿಸಿತು.

ನನ್ನ ಬೀಗಿತ್ತಿಯ ಬಗ್ಗೆ ಇಲ್ಲಿ ಹೇಳಬೇಕು. ನನಗಿಂತ ಎರಡು ವರ್ಷ ದೊಡ್ಡವರಿರಬಹುದು. ಗದ್ದೆಯಲ್ಲಿ ಆಳುಗಳ ಮುಂದೆ ಅವರ ದನಿ ಕಾಲುವೆಯ ಆಚೆಗೂ ಕೇಳುತ್ತದಂತೆ. ಆದರೆ ನನ್ನೆದುರು ಸೆರಗು ತಲೆ ಮೇಲೆ ಬಂದು ದನಿ ಅರ್ಧಕ್ಕಿಳಿಯುತ್ತದೆ. ನೇರ ಮಾತಿಲ್ಲ. "ಬೀಗ್ರಿಗೆ ಇನ್ನೊಂದು ಹೋಳಿಗಿ ಹಾಕ್ರಿ" ಎಂದು ನನ್ನ ಹೆಂಡತಿಗೆ ಹೇಳುತ್ತಾರೆ, ನಾನು ಎದುರಿಗೇ ಕೂತಿರುತ್ತೇನೆ. ಇನ್ನು ಬೀಗರ ಮಾತಿಗೆ ಇಲ್ಲ ಎನ್ನುವುದು ಅವರ ಬಾಯಲ್ಲಿ ಬರುವುದೇ ಇಲ್ಲ. ಮದುವೆಯ ವರ್ಷ ನಾನು ಅವರ ಹಿತ್ತಲಿನ ನುಗ್ಗೆ ಗಿಡ ನೋಡಿ, "ಅಗಸಿ ಗಿಡ ಭಾಳ ಚಲೋ ಬಂದೈತಿ" ಎಂದಿದ್ದೆ. "ಹೌದ್ರಿ, ಅಗಸಿ ಗಿಡ" ಎಂದರು. ಮಧ್ಯಾಹ್ನ ಅದೇ ಗಿಡದ ನುಗ್ಗೆಕಾಯಿಯ ಸಾರು ಬಡಿಸಿದರು. ನಾನು ಚೀಪುತ್ತಾ ಕೂತೆ, ಮನೆಯವರೆಲ್ಲ ತಟ್ಟೆ ನೋಡುತ್ತಾ ಕೂತರು. ಯಾರೂ ನಗಲಿಲ್ಲ. ಅವರ ಮರ್ಯಾದೆ ಅಂಥದ್ದು.

ಈ ಸಲ ಊಟವಾದ ಮೇಲೆ ಪಡಸಾಲೆಯಲ್ಲಿ ಒರಗಿದ್ದೆ. ಅಂಗಳದ ಕಡೆಯಿಂದ ನನಗೆ ಚೆನ್ನಾಗಿ ಗುರುತಿರುವ ಸದ್ದು ಬಂತು. ಆಟದಲ್ಲಿ ಅಂಕ ಬಿದ್ದಾಗ ಬರುವ ಕಿಣಿ ಕಿಣಿ ಸದ್ದು. ಎದ್ದು ಹೋದೆ. ಬೀಗಿತ್ತಿ ಒರಳ ಕಲ್ಲಿನ ಮೇಲೆ ಕೂತು, ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಬೆರಳಾಡಿಸುತ್ತಿದ್ದರು. ಪರದೆಯ ಮೂಲೆಯಲ್ಲಿ ಪುಟ್ಟ ಹಲ್ಲಿ.

"ಹಲ್ಲಿ ನೀವಾ?" ನನ್ನ ದನಿ ಓಣಿಗೆಲ್ಲ ಕೇಳಿರಬೇಕು.

ಅವರು ಗಡಬಡಿಸಿ ಎದ್ದು ಸೆರಗೆಳೆದುಕೊಂಡರು. ನಾನು ನನ್ನ ಫೋನು ಮುಂದೆ ಹಿಡಿದೆ. ಆನೆಯನ್ನು ನೋಡಿ ಅವರ ಕೈ ಬಾಯಿಗೆ ಹೋಯಿತು. "ಯವ್ವಾ! ಆನಿ ಬೀಗ್ರಾ? ನಾಕು ಸಲ ಇಲ್ಲ ಅಂದೀನಲ್ಲ!"

ಮಗಳು, ಹೆಂಡತಿ ಓಡಿ ಬಂದು, ವಿಷಯ ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೀಗಿತ್ತಿ ಮಾತ್ರ ನಗಲಿಲ್ಲ. ಅವರ ಮುಖ ಬಾಡಿತ್ತು. ಆ ಹೊತ್ತಿಗೆ ನಾನು ಕೇಳಬೇಕಿದ್ದ ಮಾತು ಒಂದೇ ಇತ್ತು, ಯಾಕೆ ಇಲ್ಲ ಎಂದಿರಿ ಎಂದು. ಅದನ್ನು ಬಿಟ್ಟು ಎದೆಯುಬ್ಬಿಸಿ, "ಅಕ್ಕಾರ, ಈಗ ಅದ ದಾರೀಲೆ ಆಟೋದಾಗ ಬಂದೀವಿ ನೋಡ್ರಿ" ಎಂದೆ.

"ಹೌದ್ರಿ ಬೀಗ್ರ" ಎಂದರು ಅವರು.

ಸಂಜೆ ಹಿಂದಿರುಗುವಾಗ ನಾವು ಇನ್ನೂ ಸಿರುಗುಪ್ಪ ಮುಟ್ಟಿರಲಿಲ್ಲ, ನನ್ನ ಫೋನು ಗುಂಯ್‌ಗುಟ್ಟಿತು. ಹಲ್ಲಿ ಹೌದು ಎಂದಿತ್ತು. ಮೂರನೆಯ ಹೌದು. ದಾರಿ ಖಾಯಂ ಆಗಿ ನಕ್ಷೆಗೆ ಸೇರಿತು.

ಅಲ್ಲಿಂದ ಮುಂದೆ ಎರಡು ತಿಂಗಳು ನನಗೆ ಸುಗ್ಗಿ. ನಾನು ಏನು ಎಳೆದರೂ ಹಲ್ಲಿಯಿಂದ ಹೌದು. ಒಮ್ಮೆ ಹುಲ್ಲಿನ ಬಣವೆಗೆ ಮನೆಯ ಚುಕ್ಕೆ ಇಟ್ಟು ಕಳಿಸಿಬಿಟ್ಟೆ. ಆಮೇಲೆ ನನಗೇ ಅನುಮಾನ ಬಂತು. ಆದರೆ ಅದಕ್ಕೂ ಹೌದು. ತಾಲ್ಲೂಕಿನ ಆಟಗಾರರ ಪಟ್ಟಿಯಲ್ಲಿ ಆನೆ ಮೊದಲನೆಯ ಸ್ಥಾನಕ್ಕೇರಿತು. ಪರದೆಯ ಮೇಲೆ ಆನೆಯ ತಲೆಗೊಂದು ಚಿನ್ನದ ಬಣ್ಣದ ಪೇಟ ಬಂತು. ಅದನ್ನು ಕಂಟೋನ್ಮೆಂಟಿನಲ್ಲಿ ನನ್ನ ಜೊತೆ ವಾಕಿಂಗ್ ಬರುವವರಿಗೆಲ್ಲ ತೋರಿಸಿದೆ. ಅವರು ಚೆನ್ನಾಗಿದೆ ಎಂದರು. ಬೇರೆ ಏನು ತಾನೇ ಹೇಳಿಯಾರು?

ಜುಲೈ ಕೊನೆಯ ವಾರ. ಕಾಲುವೆಗೆ ನೀರು ಬಿಟ್ಟು, ಸಿರುಗುಪ್ಪ ಸೀಮೆಯಲ್ಲೆಲ್ಲ ಭತ್ತದ ನಾಟಿ ಶುರುವಾಗಿತ್ತು. ಒಂದು ಬೆಳಿಗ್ಗೆ ಮಗಳು ಫೋನ್ ಮಾಡಿದಳು. ನಗು ತಡೆಯಲಾರದೆ ಮಾತು ತುಂಡು ತುಂಡಾಗಿ ಬರುತ್ತಿತ್ತು.

"ಅಪ್ಪ, ಮೊನ್ನಿ ನಮ್ಮೂರಾಗ ಮಜಾ ಆತು. ಬಸರೇರ ತಪಾಸಣಾ ಮಾಡಾಕ ಗಾಡಿ ಬರ್ತೈತಲ್ಲ, ಅದು ಗದ್ಯಾಗ ಹೋಗಿ ಕುಂತಿತ್ತು. ಡ್ರೈವರ್ ಹೊಸಬ. ಮ್ಯಾಪಿನ್ಯಾಗ ದಾರಿ ಐತಂತ, ನೋಡಿದ್ರ ಬರೇ ನೀರು. ಅರ್ಧ ಗಾಲಿತನಾ ಕೆಸರು. ಟ್ರ್ಯಾಕ್ಟರ್ ಹಚ್ಚಿ ಎಳದ್ರು. ನರ್ಸಮ್ಮ ಚಪ್ಪಲಿ ಕೈಯಾಗ ಹಿಡಕೊಂಡು ಬಂದ್ಲು. ಯಾವ ಮಹಾನುಭಾವ ಎಳದಾನೋ ಆ ದಾರಿ!"

ಮಗಳು ನಗುತ್ತಲೇ ಇದ್ದಳು. ಅವಳಿಗೆ ದಿನ ತುಂಬಲು ಇನ್ನು ಮೂರು ವಾರ. ಅವಳ ಮನೆಯ ಬಾಗಿಲಿಗೆ ಆಂಬ್ಯುಲೆನ್ಸ್ ಬರಬೇಕಾದರೆ ಅದು ಹಿಡಿಯುವುದು ಅದೇ ನಕ್ಷೆ, ಅದೇ ದಾರಿ. ನೆಟ್ಟಗೆ, ನೇರವಾಗಿ, ಕೆಸರಿನೊಳಕ್ಕೆ.

"ನೀನು ಬಳ್ಳಾರಿಗೆ ಬಂದುಬಿಡವ್ವಾ" ಎಂದೆ.

"ಈಗ್ಯಾಕ? ಮೊದಲನೇದು ತವರುಮನ್ಯಾಗ ಆತು, ಎರಡನೇದು ಇಲ್ಲೇ. ಅದ ಅಲ್ಲೇನು ಪದ್ಧತಿ? ಅತ್ತಿ ಎಲ್ಲಾ ತಯಾರಿ ಮಾಡಿ ಇಟ್ಟಾರ" ಎಂದು ಫೋನಿಟ್ಟಳು.

ಆಟ ತೆರೆದು ದಾರಿ ಅಳಿಸಲು ಹೋದೆ. ಎಳೆದವನು ಒಬ್ಬನೇ ಅಳಿಸಲಾಗದು. ಸಿಕ್ಕ ಸಿಕ್ಕವರು ಸಿಟ್ಟು ಬಂದಾಗಲೆಲ್ಲ ದಾರಿ ಅಳಿಸಬಾರದಲ್ಲ, ಅದಕ್ಕೆ. ನಾನು ಬೇಡಿಕೆ ಕಳಿಸಬೇಕು. ಮೊದಲು ಹೌದು ಎಂದ ಮೂವರಲ್ಲಿ ಒಬ್ಬರಾದರೂ ಈಗ ಇಲ್ಲ ಎನ್ನಬೇಕು. ಕಳಿಸಿದೆ. ಮೊಲ, ಒಂಟೆ ಎಲ್ಲಿ ಹೋದವೋ, ಉತ್ತರವೇ ಇಲ್ಲ. ಸಂಜೆಗೆ ಹಲ್ಲಿಯ ಉತ್ತರ ಬಂತು. ಹಸಿರು ಗುಂಡಿ. ಈ ದಾರಿ ಇರಲಿ.

ಎರಡನೇ ಸಲ ಕಳಿಸಿದೆ. ಇರಲಿ.

ಫೋನ್ ಮಾಡಿ ಹೇಳಬಹುದಿತ್ತು. ಆದರೆ ಬೀಗಿತ್ತಿಯ ಜೊತೆ ನಾನು ಒಂದು ದಿನವೂ ಫೋನಿನಲ್ಲಿ ಮಾತಾಡಿದವನಲ್ಲ. ಅವರು ಎದುರಿಗೇ ನೇರ ಮಾತಾಡುವುದಿಲ್ಲ. ಮಗಳ ಕೈಲಿ ಹೇಳಿಸಿದರೆ ಆ ಮಹಾನುಭಾವ ಯಾರೆಂದು ಅವಳಿಗೆ ಗೊತ್ತಾಗುತ್ತದೆ. ಆ ಹೊತ್ತಿನಲ್ಲೂ ನನಗೆ ನನ್ನ ಮರ್ಯಾದೆಯೇ ಮುಂದೆ ಬಂದಿತ್ತು. ಈಗ ಬರೆಯಲು ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಾ, ಮಗಳನ್ನು ಒಂದು ಸಲ ನೋಡಿ ಬರುತ್ತೇನೆ ಎಂದೆ. ಹೆಂಡತಿ ಬಾಗಿಲಿಗೆ ಬಂದು ನಿಂತಳು.

"ಆ ಮಹಾನುಭಾವ ನೀವ ಅಲ್ಲೇನು?"

ನಾನು ಬಾಗಿ ಚಪ್ಪಲಿಯ ಪಟ್ಟಿ ಸರಿಮಾಡತೊಡಗಿದೆ.

"ಹೋಗ್ರಿ. ಮೊದಲ ಅಳಿಸಿ ಬರ್ರಿ" ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಊರಿಗೆ ಮುಂಚೆಯೇ ಆಟೋ ಇಳಿದು, ಡಾಂಬರು ರಸ್ತೆಯಿಂದ ನನ್ನ ದಾರಿ ಒಡೆಯುವ ಜಾಗಕ್ಕೆ ನಡೆದೇ ಹೋದೆ. ಮೇ ತಿಂಗಳಲ್ಲಿ ಆಟೋ ಓಡಿದ ಜಾಗದಲ್ಲಿ ಕಣ್ಣು ಹಾಯುವಷ್ಟೂ ನೀರು, ನೀರಿನಲ್ಲಿ ಸಾಲುಸಾಲು ಸಸಿ. ದಾರಿಯ ಒಂದು ಎಳೆಯೂ ಇಲ್ಲ. ಬೇಸಿಗೆಯಲ್ಲಿ ಎರಡು ತಿಂಗಳು ಗದ್ದೆ ಒಣಗಿದಾಗ ಬೀಳುವ ದಾರಿ ಅದು. ನೀರು ಬಿಟ್ಟ ದಿನ ಮುಳುಗುತ್ತದೆ. ಕರೂರಿನಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿರುವ ಸಂಗತಿ. ನನ್ನ ಕಲ್ಲು ನೆಲದ ಲೆಕ್ಕವನ್ನು ನಾನು ಭತ್ತದ ನೆಲಕ್ಕೆ ಹಾಕಿದ್ದೆ.

ರಸ್ತೆಯ ಅಂಚಿನಲ್ಲಿ, ಸರಿಯಾಗಿ ನನ್ನ ಗೆರೆ ಶುರುವಾಗುವಲ್ಲಿ, ಒಂದು ಉದ್ದ ಕೋಲು ನೆಟ್ಟಿತ್ತು. ಅದರ ತುದಿಗೆ ಕೆಂಪು ಸೀರೆಯ ತುಂಡು ಕಟ್ಟಿತ್ತು. ಪಕ್ಕದಲ್ಲಿ ಮುಳ್ಳು ಕಡಿದು ಅಡ್ಡ ಹಾಕಿದ್ದರು.

ಗದ್ದೆಯಲ್ಲಿ ಎಂಟ್ಹತ್ತು ಹೆಂಗಸರು ಬಾಗಿ ನಾಟಿ ಮಾಡುತ್ತಿದ್ದರು. ಅವರಲ್ಲೊಬ್ಬರು ನನ್ನನ್ನು ನೋಡಿ, ಕೈಯ ಸಸಿ ಇನ್ನೊಬ್ಬಳಿಗೆ ಕೊಟ್ಟು, ಕೆಸರು ಕೈಯಲ್ಲೇ ಸೆರಗು ತಲೆಗೆಳೆದುಕೊಂಡು ಬಂದರು. ಬೀಗಿತ್ತಿ.

"ಅಲ್ಲೇ ನಿಂದರ್ರಿ ಬೀಗ್ರ, ಇಲ್ಲೆಲ್ಲಾ ಕೆಸರೈತಿ" ಎಂದರು. ಮಾತು ತಲುಪಿಸಲು ಅಲ್ಲಿ ನನ್ನ ಹೆಂಡತಿ ಇರಲಿಲ್ಲ, ಹಾಗಾಗಿ ನನಗೇ ಹೇಳಬೇಕಾಯಿತು.

"ಈ ಕೋಲು ಯಾರು ನೆಟ್ಟಾರ?"

"ನಾನರಿ. ಗಾಡಿ ಸಿಕ್ಕೊಂಡ ದಿನ ನೆಟ್ಟೀನಿ. ಮುಂಜಾನಿ ಒಮ್ಮಿ, ಸಂಜಿಮುಂದ ಒಮ್ಮಿ ಬಂದು ನೋಡ್ತೀನಿ, ಬಿದ್ದೈತೇನು ಅಂತ."

"ದಾರಿ ಅಲ್ಲಂತ ನಿಮಗ ಗೊತ್ತಿತ್ತಲ್ರಿ. ಮತ್ತ ಹೌದು ಅಂತ ಯಾಕ ಒತ್ತಿದ್ರಿ?"

ಅವರು ಕೋಲಿನ ಬುಡದ ಮಣ್ಣನ್ನು ಕಾಲಿನಿಂದ ಗಟ್ಟಿ ಮಾಡಿದರು. "ಬೀಗ್ರು ಎಳದ ಗೆರಿ. ಇಲ್ಲ ಅಂತ ಹೆಂಗನ್ಲಿ? ಆಟ ಅಂತ ಒತ್ತಿಬಿಟ್ಟೆ. ಆಟದ ದಾರಿಗೆ ಖರೇ ಗಾಡಿ ಬರ್ತಾವಂತ ನನಗೇನು ಗೊತ್ರಿ?"

"ನಿನ್ನಿ ಅಳಸ್ರಿ ಅಂತ ಎರಡು ಸಲ ಕೇಳಿದ್ನಲ್ಲ?"

"ನೀವು ಸಿಟ್ಟಿಗೆದ್ದು ನನ್ನ ಪರೀಕ್ಷಾ ಮಾಡಾಕ ಹತ್ತೀರಿ ಅಂದ್ಕೊಂಡೆ. ಮೊದಲ ನಾಕು ಸಲ ಇಲ್ಲ ಅಂದಾಕಿ ನಾನು."

ನನ್ನ ಗೆರೆಗೆ ಇಲ್ಲ ಎನ್ನುವುದನ್ನು ತಪ್ಪಿಸಲು ಈ ಹೆಂಗಸು ದಿನಕ್ಕೆರಡು ಸಲ ರಸ್ತೆಗೆ ಬಂದು ಕೋಲು ಕಾಯುತ್ತಿದ್ದಾರೆ. ನಾನು ಆನೆಗೆ ಪೇಟ ತೊಡಿಸಿಕೊಂಡು ಕಂಟೋನ್ಮೆಂಟಿನಲ್ಲಿ ವಾಕಿಂಗ್ ಮಾಡುತ್ತಿದ್ದೇನೆ. ಅವರ ಮೇಲೆ ಬಂದಿದ್ದ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತು. ಅವರ ಮುಂದೆ ಕೈ ಮುಗಿದೆ.

"ಅಕ್ಕಾರ, ತಪ್ಪು ನನ್ನದು. ಈ ನೆಲ ನನಗ ಗೊತ್ತಿಲ್ಲ. ನನ್ನ ಮಗಳು, ನಿಮ್ಮ ಸೊಸಿ. ಅಕಿ ಬ್ಯಾನಿ ತಿನ್ನೋ ಹೊತ್ತಿಗೆ ಗಾಡಿ ಇಲ್ಲಿ ಸಿಕ್ಕೊಂಡ್ರ ನಾನು ಬದುಕಿ ಏನು ಮಾಡ್ಲಿ? ಈಗಿಂದೀಗ ನನಗ ಇಲ್ಲ ಅನ್ರಿ."

"ಕೈ ಇಳಸ್ರಿ ಬೀಗ್ರ, ಮಂದಿ ನೋಡಾಕ ಹತ್ಯಾರ!"

ಮಂದಿ ನಿಜಕ್ಕೂ ನೋಡುತ್ತಿದ್ದರು. ನಾಟಿ ನಿಂತಿತ್ತು. ಸೊಂಟದ ಮೇಲೆ ಕೈಯಿಟ್ಟು ನಿಂತ ಹೆಂಗಸರಲ್ಲಿ ಒಬ್ಬಳು, "ಇಲ್ಲ ಅನ್ನು ಯಕ್ಕಾ, ಅವರ ಅನ್ನಿಸಿಕೊಂತೀನಿ ಅಂತ ಬಳ್ಳಾರಿಯಿಂದ ಬಂದಾರ!" ಎಂದು ಕೂಗಿದಳು. ಗದ್ದೆ ಪೂರ್ತಿ ನಕ್ಕಿತು.

ಬೀಗಿತ್ತಿ ಸೊಂಟದ ಎಲೆಅಡಿಕೆ ಚೀಲದಿಂದ ಫೋನು ತೆಗೆದರು. ನನ್ನ ಬೇಡಿಕೆ ಮತ್ತೆ ಕಳಿಸಿದೆ. ಅವರು ಮುಖ ಆ ಕಡೆ ತಿರುಗಿಸಿಕೊಂಡು ಕೆಂಪು ಗುಂಡಿ ಒತ್ತಿದರು. ಬೆರಳು ಒದ್ದೆಯಾಗಿದ್ದರಿಂದ ಫೋನು ತಗೊಳ್ಳಲಿಲ್ಲ. ನನ್ನ ಟವೆಲ್ ಕೊಟ್ಟೆ. ಬೆರಳೊರೆಸಿಕೊಂಡು ಮತ್ತೆ ಒತ್ತಿದರು.

"ಬೀಗ್ರಿಗೆ ಎರಡೆರಡು ಸಲ ಇಲ್ಲ ಅನಿಸಿಬಿಟ್ರಲ್ರಿ" ಎಂದರು. ಆ ಮಾತಿಗೆ ಅವರಿಗೂ ನಗು ಬಂತು. ಮಗಳ ಮದುವೆಯಾದ ಆರು ವರ್ಷದಲ್ಲಿ ಅವರು ನನ್ನೆದುರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಹಂಗಾರ ಖರೇ ದಾರಿ ಯಾವುದು? ನಡೀರಿ, ತೋರಸ್ರಿ" ಎಂದೆ.

ಇಷ್ಟು ವರ್ಷ ಗಾಡಿಯಲ್ಲಿ ಕೂತು ಬಂದಿದ್ದೆನೇ ಹೊರತು ದಾರಿ ಗಮನಿಸಿರಲಿಲ್ಲ. ಅವರು ಮುಂದೆ, ನಾನು ಹಿಂದೆ. ಡಾಂಬರು ಹಿಡಿದು ಮುಂದೆ ಹೋಗಿ, ಕಾಲುವೆಯ ಏರಿ ಹತ್ತಿ, ಸುತ್ತು ಹಾಕಿ ಊರಿನ ಹಿಂಬದಿಯಿಂದ ಓಣಿ ಸೇರುವ ದಾರಿ ಅದು. ಫೋಟೋದಲ್ಲಿ ಜಾಲಿ ಗಿಡಗಳ ಕೆಳಗೆ ಮುಚ್ಚಿಹೋಗಿ ಕಾಣುತ್ತಲೇ ಇರಲಿಲ್ಲ. ನಡೆಯುತ್ತಾ ಬೆರಳಿನಿಂದ ಗೆರೆ ಎಳೆಯುತ್ತಾ ಹೋದೆ. ಮೂವತ್ತೊಂದು ವರ್ಷದ ಮೇಲೆ ಮೊದಲ ಸಲ ನಾನು ನಡೆದು ಬರೆದ ನಕ್ಷೆ. "ಇಲ್ಲಿ ತಿರುಗಬೇಕೇನ್ರಿ?" ಎಂದರೆ, "ಇಲ್ರಿ, ಇನ್ನ ಮುಂದ." "ಈ ಸೇತುವೆ ಮ್ಯಾಲೆ ಗಾಡಿ ಹೋಗ್ತೈತಿ?" "ಇಲ್ಲ ಇಲ್ಲ, ಅದು ಎಮ್ಮಿ ದಾಟೋದು." ಅರ್ಧ ದಾರಿಗೆ ಬರುವಷ್ಟರಲ್ಲಿ ಅವರ ದನಿ ಪೂರ್ತಿಗೆ ಏರಿತ್ತು. ಅವರ ದನಿ ನಿಜಕ್ಕೂ ಕಾಲುವೆಯ ಆಚೆಗೆ ಕೇಳುತ್ತದೆ. ಆಚೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವಳು ತಲೆಯೆತ್ತಿ ನೋಡಿದಳು.

ಹೊಸ ದಾರಿಗೆ ಬೀಗಿತ್ತಿ ಹೌದು ಎಂದರು. ನಾಟಿಯ ಹೆಂಗಸರಲ್ಲಿ ಇಬ್ಬರ ಫೋನಿನಲ್ಲಿ ಆಟವಿತ್ತು. ಅವರೂ ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ಹೌದು ಒತ್ತಿದರು. ಮಗಳಿಗೆ ನಾನೇ ಎಲ್ಲ ಹೇಳಿದೆ. ಅವಳು ನಕ್ಕು, "ನನಗ ಅವತ್ತ ಗೊತ್ತಿತ್ತು, ಇಷ್ಟು ನೆಟ್ಟಗ ಗೆರಿ ಎಳಿಯೋರು ಮತ್ಯಾರದಾರ?" ಎಂದಳು.

ಹಳೆಯ ಗೆರೆ ಕೂಡಲೇ ಹೋಗಲಿಲ್ಲ. ದಿನಾ ನಕ್ಷೆ ತೆರೆದು ನೋಡುತ್ತಿದ್ದೆ. ನಾಲ್ಕನೇ ದಿನ ಅದು ಮಾಯವಾಗಿ, ಕಾಲುವೆಯ ಏರಿಯ ಮೇಲೆ ಸೊಟ್ಟಪಟ್ಟ ಹೊಸ ಗೆರೆ ಬಂದಿತ್ತು. ಅದೇ ಕ್ಷಣಕ್ಕೆ ಆನೆಯ ತಲೆಯ ಪೇಟವೂ ಹೋಯಿತು. ಹೆಂಡತಿಗೆ ತೋರಿಸಿದೆ. "ಗಾಳಿ ಆಡ್ಲಿ ಬಿಡ್ರಿ ತಲೀಗೆ" ಎಂದಳು.

ಆಗಸ್ಟ್ ಮಧ್ಯದಲ್ಲಿ ಒಂದು ಬೆಳಿಗ್ಗೆ ಅಳಿಯನ ಫೋನ್ ಬಂತು. ಸಿರುಗುಪ್ಪದ ಆಸ್ಪತ್ರೆಗೆ ಕರೆತಂದಿದ್ದೇವೆ, ಹೆಣ್ಣು ಕೂಸು, ಇಬ್ಬರೂ ಚೆನ್ನಾಗಿದ್ದಾರೆ ಎಂದ. ನನ್ನ ಬಾಯಿಂದ ಮೊದಲು ಬಂದದ್ದು ಮಗುವಿನ ಮಾತಲ್ಲ.

"ಗಾಡಿ ಯಾವ ದಾರೀಲೆ ಬಂತು?"

"ಕೆನಾಲ್ ಏರಿ ಮ್ಯಾಲೆ ಮಾವ, ಮತ್ಯಾವ ದಾರಿ ಐತಿ?" ಎಂದ ಅವನು, ಇದೇನು ಕೇಳುತ್ತಿದ್ದಾರೆ ಎಂಬಂತೆ. ನಾನು ಫೋನು ಹೆಂಡತಿಗೆ ಕೊಟ್ಟು ಹಿತ್ತಲಿಗೆ ಹೋಗಿ ಒಂದಿಷ್ಟು ಹೊತ್ತು ಅತ್ತೆ.

ಮಧ್ಯಾಹ್ನದ ಹೊತ್ತಿಗೆ ನಾವು ಆಸ್ಪತ್ರೆ ಸೇರಿದೆವು. ಮಗಳು ಗೋಡೆಗೊರಗಿ ಕೂತಿದ್ದಳು, ದಣಿದಿದ್ದರೂ ಮುಖದಲ್ಲಿ ಕಳೆಯಿತ್ತು. ಕೂಸು ಬೀಗಿತ್ತಿಯ ಮಡಿಲಲ್ಲಿತ್ತು. ಅಕ್ಕಪಕ್ಕದ ಹಾಸಿಗೆಯವರೂ ಬಂದು ಇಣುಕುತ್ತಿದ್ದರು. ನಾನು ಬಾಗಿಲಲ್ಲಿ ನಿಂತೇ ನೋಡಿ, ಹಳೆಯ ಜಂಬ ಎಲ್ಲಿ ಹೋಗುತ್ತದೆ, "ಹಣಿ ನಮ್ಮ ಕಡೀದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ಬೀಗಿತ್ತಿ ಕೂಸಿನ ಹಣೆಯ ಮೇಲಿನ ಬಟ್ಟೆ ಸರಿಸಿದರು. ತಲೆಯೆತ್ತಿ ನೇರ ನನ್ನ ಮುಖ ನೋಡಿದರು.

"ಇಲ್ರಿ ಬೀಗ್ರ" ಎಂದರು. "ಹಣಿ ನಮ್ಮನೀದು. ಅಲ್ಲಿ ನಿಂತು ಹೇಳಬ್ಯಾಡ್ರಿ, ಹತ್ರ ಬಂದು ನೋಡ್ರಿ."

ಅಳಿಯ ಗಾಬರಿಯಿಂದ ತಾಯಿಯನ್ನು ನೋಡಿದ. ನಾನು ಕನ್ನಡಕ ಒರೆಸಿಕೊಂಡು, ಹತ್ತಿರ ಹೋಗಿ, ಬಾಗಿ ನೋಡಿದೆ. ಅವರದೇ ಹಣೆ.